ಬೇರೆ ದಾರಿ

ಅಂಗನವಾಡಿ ಟೀಚರು ತಂದ ಕಂಪ್ಯೂಟರನ್ನು ಅಂಗಡಿಯವನು ತಿರುಗಿಸಿ ನೋಡಿದ.

"ಹಳೇ ಮೆಷಿನ್ನಕ್ಕ, ಹೊಸ ವಿಂಡೋಸ್ ಹಾಕೋಕಾಗಲ್ಲ. ಬೇರೆ ತಗೊಂಬಿಡಿ."

"ಮಗಳಿಗೆ ಪರೀಕ್ಷೆ ಹತ್ರ ಬಂತಲ್ಲಣ್ಣ. ಇದನ್ನೇ ಓಡಿಸೋಕೆ ದಾರಿ ಇಲ್ವಾ?"

ವಿಂಡೋಸ್ ಬದಲು ಪುಕ್ಕಟೆ ಸಿಗುವ ಲಿನಕ್ಸ್ ಹಾಕಿದರೆ ಅದು ಇನ್ನೂ ಐದು ವರ್ಷ ಓಡುತ್ತದೆಂದು ಅವನಿಗೆ ಗೊತ್ತಿತ್ತು. ಆದರೆ ಬೆನ್ನ ಹಿಂದೆ ಮಾರಾಟವಾಗದ ಹೊಸ ಕಂಪ್ಯೂಟರುಗಳು ಸಾಲಾಗಿ ಕೂತಿದ್ದವು.

"ಇದ್ದಿದ್ರೆ ನಾನೇ ಹೇಳ್ತಿರ್ಲಿಲ್ವಾ?"

ಭಾನುವಾರ ಆಕೆ ಕೋಡುಬಳೆ ಡಬ್ಬಿ ಹಿಡಿದು ಅವನ ಮನೆಗೇ ಬಂದಳು.

"ಹೊಸ ಕಂಪ್ಯೂಟರಿಗೆ ಅಂತ ಚಿನ್ನದ ಬಳೆ ಮಾರೋದ್ರಲ್ಲಿದ್ದೆ ಅಣ್ಣ, ಪುಣ್ಯ ಕಟ್ಕೊಂಡ್ರಿ. ನನ್ನ ಮಗಳ ಕ್ಲಾಸಲ್ಲೇ ಓದೋ ನಿಮ್ಮ ಮಗಳು ಬಂದು, ಅದೇನೋ ಲಿನಕ್ಸ್ ಅಂತೆ, ಹಾಕ್ಕೊಟ್ಳು. ಚೆನ್ನಾಗಿ ಓಡ್ತಿದೆ. 'ಇದನ್ನ ನಂಗೆ ಕಲಿಸಿದ್ದೇ ಅಪ್ಪ, ಆವತ್ತು ಅವರಿಗೆ ಮರೆತಿರ್ಬೇಕು ಆಂಟಿ' ಅಂದ್ಳು."