ಕಾಲಡಿಯ ಸೀಸ

"ಇದು ನಿನ್ನದೇ ಕೆಲಸ, ಟ್ರೆವರ್. ಬೀರುವಿನ ಬೀಗದಕೈ ಇರೋದು ನಮ್ಮಿಬ್ಬರ ಹತ್ರ ಮಾತ್ರ. ನನ್ನ ತಮ್ಮನ ಸೈನ್ಯಾನ ನಾನೇ ಒಡೀತೀನಾ?"

ನೆವಿಲ್ ವಿಡ್ಡೋಸನ್ ಚರ್ಚಿನ ಹಿಂದಿನ ಹಾಲ್‌ನಲ್ಲಿ ಪೆಟ್ಟಿಗೆಯ ಮುಚ್ಚಳ ಹಿಡಿದು ನಿಂತಿದ್ದ. ನಾಟಿಂಗ್‌ಹ್ಯಾಮ್‌ನ ಆ ಹಾಲ್‌ನಲ್ಲಿ ಪ್ರತಿ ಮಂಗಳವಾರ ಮಧ್ಯಾಹ್ನ ಹತ್ತು ಹನ್ನೆರಡು ಮಂದಿ ಸೇರುತ್ತಿದ್ದರು. ಮೇಜಿಗೆ ಹಸಿರು ಬಟ್ಟೆ ಹಾಸಿ, ಹೆಬ್ಬೆರಳಿನಷ್ಟು ಎತ್ತರದ ಸೈನಿಕರನ್ನು ಸಾಲುಗಟ್ಟಿ ನಿಲ್ಲಿಸಿ, ದಾಳ ಹಾಕಿ ಹಳೆಯ ಯುದ್ಧಗಳನ್ನು ಆಡುತ್ತಿದ್ದರು. ನೆವಿಲ್‌ನ ತಮ್ಮ ಕ್ಲೆಮ್ ಮೂವತ್ತು ವರ್ಷ ಟ್ರೆವರ್ ಓಲ್ಡರ್‌ಶಾನ ಎದುರಾಳಿಯಾಗಿದ್ದವನು. ಅವನು ತೀರಿಕೊಂಡು ಆ ದಿನಕ್ಕೆ ಸರಿಯಾಗಿ ಎರಡು ವರ್ಷ. ಅವನ ನೆನಪಿಗೆ ಅವನದೇ ಕೆಂಪಂಗಿಯ ಪಡೆಯನ್ನು ಮೇಜಿಗಿಳಿಸೋಣವೆಂದು ಪೆಟ್ಟಿಗೆ ತೆರೆದರೆ ಒಳಗೆ ಹೆಚ್ಚುಕಡಿಮೆ ಎಲ್ಲವೂ ಚೂರು. ಸೈನಿಕರು ತಮ್ಮ ಪೀಠಗಳಿಂದ ಕಿತ್ತು ಬಂದಿದ್ದರು. ಕುದುರೆಗಳ ಕಾಲು ಮುರಿದಿದ್ದವು.

"ಒಂದು ಸಲಾನೂ ಈ ಪಡೇನ ಸರಿಯಾಗಿ ಸೋಲಿಸೋಕಾಗಲಿಲ್ಲ ನಿನಗೆ," ಎಂದ ನೆವಿಲ್. "ಸತ್ತವನ ಮೇಲಾದ್ರೂ ಗೆಲ್ಲೋಣ ಅಂದ್ಕೊಂಡ್ಯಾ?"

ಟ್ರೆವರ್ ಒಬ್ಬ ಸವಾರನನ್ನು ಎತ್ತಿಕೊಂಡು ತಿರುಗಿಸಿ ನೋಡಿದ. ಪೀಠದ ತಳ ಉಬ್ಬಿ ಬಿರಿದಿತ್ತು. ಬಿರುಕನ್ನು ಉಗುರಿನಿಂದ ಕೆರೆದ. ಬಿಳಿಯ ಪುಡಿ ಉದುರಿತು. ಮೂಗಿನ ಹತ್ತಿರ ಹಿಡಿದ. ಕರಿದ ಮೀನಿಗೆ ಚಿಮುಕಿಸುವ ವಿನೆಗರ್‌ನ ವಾಸನೆ.

"ಇದರೊಳಗೆ ಏನು ತುಂಬಿದ್ದೆ?"

"ಸೀಸದ ಗುಂಡು. ಯಾಕೆ, ಗುಜರಿಗೆ ಹಾಕ್ತೀಯಾ?"

"ಯಾವ ಗೋಂದು?"

"ಬಿಳೀದು. ಸ್ಕೂಲ್ ಮಕ್ಕಳು ಕಾಗದಕ್ಕೆ ಹಚ್ತಾರಲ್ಲ, ಅದು. ಮಾತು ತಿರುಗಿಸ್ಬೇಡ."

ಆ ಪಡೆಗೆ ಬಣ್ಣ ಹಚ್ಚಿದ್ದು ಕ್ಲೆಮ್. ನೆವಿಲ್‌ಗೆ ಕುಂಚ ಹಿಡಿಯಲು ಬರುತ್ತಿರಲಿಲ್ಲ. ಕಾಯಿಲೆಯಿಂದ ಕ್ಲೆಮ್‌ನ ಕೈ ನಡುಗತೊಡಗಿದಾಗ ಹಗುರವಾದ ಪ್ಲಾಸ್ಟಿಕ್ ಸೈನಿಕರು ಅವನ ತೋಳು ತಗುಲಿದರೆ ಸಾಕು, ಸಾಲುಸಾಲಾಗಿ ಮಗುಚುತ್ತಿದ್ದರು. ಆಗ ನೆವಿಲ್ ಒಂದು ಚಳಿಗಾಲವಿಡೀ ಕುಳಿತು ಒಂದೊಂದು ಪೀಠದ ಟೊಳ್ಳಿಗೂ ಗೋಂದು ಸುರಿದು, ಸೀಸ ತುಂಬಿ, ರಟ್ಟು ಅಂಟಿಸಿ ಮುಚ್ಚಿದ್ದ. ಆಮೇಲೆ ಒಬ್ಬ ಸೈನಿಕನೂ ಬೀಳಲಿಲ್ಲ. ತಮ್ಮನಿಗೆ ತಾನು ಮಾಡಿದ ಒಂದು ಉಪಕಾರ ಅದು ಎಂದು ನೆವಿಲ್ ಶವಸಂಸ್ಕಾರದ ದಿನ ಎಲ್ಲರೆದುರು ಹೇಳಿದ್ದ. ಟ್ರೆವರ್ ಅದನ್ನು ಮೊದಲ ಸಾಲಿನಲ್ಲಿ ಕುಳಿತು ಕೇಳಿದ್ದ.

ಟ್ರೆವರ್ ಸವಾರನನ್ನು ಮೆಲ್ಲಗೆ ಕೆಳಗಿಟ್ಟ.

"ಹೌದು," ಎಂದ. "ಪೆಟ್ಟಿಗೆ ನನ್ನ ಕೈ ಜಾರಿ ಬಿತ್ತು. ಹೇಳೋಕೆ ಧೈರ್ಯ ಬರಲಿಲ್ಲ."

ಮೂಲೆಯಲ್ಲಿ ಟೀ ಸೋಸುತ್ತಿದ್ದ ಡೋರೀನ್ ತಲೆಯೆತ್ತಿದಳು. "ಹಾಗಾದ್ರೆ ಇನ್ಮೇಲೆ ಬಿಸ್ಕತ್ತಿನ ಡಬ್ಬಕ್ಕೂ ಬೀಗ ಹಾಕೋಣ," ಎಂದಳು. ಯಾರೂ ನಗಲಿಲ್ಲ.

ನೆವಿಲ್ ಕೈ ಚಾಚಿದ. ಟ್ರೆವರ್ ಬೀಗದಕೈ ತೆಗೆದುಕೊಟ್ಟ. ಒಡೆದ ಸೈನಿಕರನ್ನು ತಾನು ಒಯ್ಯಬಹುದೇ ಎಂದು ಕೇಳಿದ. "ಒಯ್ಯಿ. ನಿನ್ನ ಪಾಪ, ನಿನ್ನ ಮನೇಲೇ ಇರಲಿ," ಎಂದ ನೆವಿಲ್. ಒಡೆಯದೆ ಉಳಿದಿದ್ದ ಒಂಬತ್ತು ಸೈನಿಕರನ್ನು ನೆವಿಲ್ ತನ್ನ ಮನೆಗೆ ತಂದು ಬೆಂಕಿಗೂಡಿನ ಮೇಲಿನ ಹಲಗೆಯಲ್ಲಿ, ಕ್ಲೆಮ್‌ನ ಭಾವಚಿತ್ರದ ಮುಂದೆ ನಿಲ್ಲಿಸಿದ.

ಟ್ರೆವರ್ ಮತ್ತೆ ಹಾಲ್‌ಗೆ ಬರಲಿಲ್ಲ. ನೆವಿಲ್ ಕಂಡಕಂಡವರಿಗೆ ನಡೆದದ್ದನ್ನು ಹೇಳಿದ. ಅಂಗಡಿಯಲ್ಲಿ ಟ್ರೆವರ್ ಎದುರಾದರೆ ಜನ ಬ್ರೆಡ್ಡಿನ ಕಪಾಟಿನತ್ತ ತಿರುಗುವ ಹಾಗಾಯಿತು. ಭಾನುವಾರದ ಪ್ರಾರ್ಥನೆಯಲ್ಲಿ, ನಮಗೆ ತಪ್ಪು ಮಾಡಿದವರನ್ನು ಕ್ಷಮಿಸುತ್ತೇವೆಂಬ ಮಾತು ಬಂದಾಗ ನೆವಿಲ್ ಪ್ರತಿ ವಾರವೂ ಬಾಯಿ ಮುಚ್ಚಿಕೊಂಡ. ದೇವರ ಮುಂದೆ ಸುಳ್ಳು ಹೇಳುವುದಕ್ಕಿಂತ ಅದೇ ಮೇಲೆನಿಸಿತ್ತು ಅವನಿಗೆ.

ಈಸ್ಟರ್ ಹಬ್ಬದ ಬೆಳಿಗ್ಗೆ ನೆವಿಲ್ ಹಲಗೆಯ ಧೂಳು ಒರೆಸಲು ಹೋದಾಗ ನಗಾರಿ ಬಾರಿಸುವ ಸೈನಿಕ ಓರೆಯಾಗಿ ನಿಂತಿದ್ದ. ಎತ್ತಿದರೆ ಸೈನಿಕ ಮಾತ್ರ ಕೈಗೆ ಬಂದ, ಪೀಠ ಹಲಗೆಯ ಮೇಲೇ ಉಳಿಯಿತು. ಅದರ ತಳ ಉಬ್ಬಿ ಬಿರಿದಿತ್ತು. ಬಿರುಕಿನಿಂದ ಬಿಳಿಯ ಪುಡಿ. ವಿನೆಗರ್‌ನ ವಾಸನೆ. ಆ ಮನೆಗೆ ಮೂರು ತಿಂಗಳಿನಿಂದ ಅವನ ಹೊರತು ಯಾರೂ ಕಾಲಿಟ್ಟಿರಲಿಲ್ಲ.

ನೆವಿಲ್ ಚರ್ಚಿಗೆ ಹೋಗಲಿಲ್ಲ. ಟ್ರೆವರ್ ಕೊಟ್ಟಿದ್ದ ಬೀಗದಕೈಯನ್ನೂ ಆ ಸೈನಿಕನನ್ನೂ ಕೋಟಿನ ಜೇಬಿಗೆ ಹಾಕಿಕೊಂಡು ಎರಡು ಬೀದಿ ದಾಟಿ ಟ್ರೆವರ್‌ನ ಬಾಗಿಲು ಬಡಿದ. ಬಾಗಿಲು ತೆರೆಯುವಷ್ಟರಲ್ಲೇ ಬೈಯಲು ಶುರುಮಾಡಿದ್ದ.

"ನಿನಗೆ ಅವತ್ತೇ ಗೊತ್ತಿತ್ತು. ಗೊತ್ತಿದ್ದೂ ಯಾಕೋ ಹೌದು ಅಂದೆ? ಮೂರು ತಿಂಗಳು ನಿನ್ನ ಹೆಸರು ಕೆಡಿಸ್ಕೊಂಡು ತಿರುಗಿದೀನಿ. ನನ್ನ ಬಾಯಲ್ಲಿ ಅಷ್ಟೆಲ್ಲ ಸುಳ್ಳು ಆಡಿಸಿದ್ಯಲ್ಲೋ ಪಾಪಿ."

"ಆ ಗೋಂದು ಸೀಸಕ್ಕೆ ಆಗಿಬರಲ್ಲ," ಎಂದ ಟ್ರೆವರ್. "ಸೀಸ ಒಳಗೊಳಗೇ ಪುಡಿಯಾಗಿ ಉಬ್ಬುತ್ತೆ. ಕ್ಲೆಮ್‌ನ ನೆನಪಿನ ದಿನ ಅದನ್ನ ನಿನಗೆ ಹೇಗಯ್ಯ ಹೇಳಲಿ?"

ಅವನ ಬೆನ್ನ ಹಿಂದೆ, ಅಡುಗೆಮನೆಯ ಮೇಜಿನ ಮೇಲೆ, ಕೆಂಪಂಗಿಯ ಪಡೆ ಸಾಲಾಗಿ ನಿಂತಿತ್ತು. ಒಬ್ಬೊಬ್ಬರ ಕಾಲಡಿಯಲ್ಲೂ ಸೀಸದ ಬದಲು ಹೊಸದೊಂದು ಕಬ್ಬಿಣದ ವಾಷರ್ ಬಿಲ್ಲೆ.

ನೆವಿಲ್ ಜೇಬಿನಿಂದ ಎರಡನ್ನೂ ತೆಗೆದು, ಬೀಗದಕೈ ಚಾಚಿದ. ಟ್ರೆವರ್ ಅದನ್ನು ಬಿಟ್ಟು, ನೆವಿಲ್‌ನ ಇನ್ನೊಂದು ಕೈಯಲ್ಲಿದ್ದ ನಗಾರಿಯವನನ್ನು ತೆಗೆದುಕೊಂಡ.

"ಉಳಿದ ಎಂಟನ್ನೂ ತಗೊಂಡು ಬಾ," ಎಂದ. "ಅವೂ ಒಡೀತವೆ."