ಸಾನಪಾಡಾ ದಾಟಿದ ಏಡಿಯ ಕತೆ

ಮೆಂತ್ಯ ಸೊಪ್ಪಿನ ವಾಸನೆ ಬಂದರೆ ಈಗಲೂ ನನಗೆ ಲೋಕಲ್ ಟ್ರೇನಿನ ಆ ಮಧ್ಯಾಹ್ನ ನೆನಪಾಗುತ್ತದೆ. ಆಗ ನನಗೆ ಎಂಟು ವರ್ಷ. ಲೇಡೀಸ್ ಡಬ್ಬಿಯಲ್ಲಿ ಎದುರು ಕೂತು ಸೊಪ್ಪು ಬಿಡಿಸುತ್ತಿದ್ದ ಅಪರಿಚಿತ ಹೆಂಗಸಿಗೆ, ಸಮುದ್ರಕ್ಕೆ ಹೆದರುವ ಏಡಿಯ ಕತೆಯನ್ನು ಮರಾಠಿಯಲ್ಲಿ ಆಗಲೇ ಕಟ್ಟುತ್ತ ಹೇಳುತ್ತಿದ್ದೆ. ಕೈಕಾಲು ಒಂದೆಡೆ ನಿಲ್ಲುತ್ತಿರಲಿಲ್ಲ.

"ಸುಮ್ನೆ ಕೂತ್ಕೊ ಮಾರಾಯ್ತಿ, ಅವರ ತಲೆ ತಿನ್ಬೇಡ," ಎಂದು ಅಮ್ಮ ಎರಡು ಸಲ ಗದರಿದಳು.

ನಾವಿಳಿಯುವ ನೆರೂಳ ಸ್ಟೇಷನ್ ಬಂದಾಗ ಕತೆ ಇನ್ನೂ ಮುಗಿದಿರಲಿಲ್ಲ. ಅಮ್ಮ ನನ್ನನ್ನು ಎಳೆದುಕೊಂಡು ಇಳಿದಳು. ಹಿಂದೆಯೇ ಆ ಹೆಂಗಸೂ ಇಳಿದರು. ಅವರು ಇಳಿಯಬೇಕಿದ್ದ ಸಾನಪಾಡಾ ಆಗಲೇ ದಾಟಿಹೋಗಿತ್ತು.

"ಪುಢೇ ಕಾಯ್ ಝಾಲಂ?" ಮುಂದೇನಾಯಿತೆಂದು ಮರಾಠಿಯಲ್ಲಿ ಕೇಳಿದರು.

ನನಗೇ ಗೊತ್ತಿರಲಿಲ್ಲ. ಅಮ್ಮನ ಮುಖ ನೋಡಿದೆ.

ಅಮ್ಮ ಚೀಲ ಕೆಳಗಿಟ್ಟು ಪ್ಲಾಟ್‌ಫಾರ್ಮಿನ ಬೆಂಚಿನ ಮೇಲೆ ಕೂತಳು. "ನನ್ನ ಮುಖ ಎಂಥ ನೋಡುದು? ಹೇಳು," ಎಂದಳು.