ನಿಂತ ಕಾಲು, ಓಡಿದ ಬ್ರಷ್

"ದಾಖಲೆ ಇದೆ ಮೇಡಂ! ಆದ್ರೆ ಆಫೀಸಿಗೆ ತರೋಕಾಗಲ್ಲ, ಸೇತುವೆಗೆ ಅಂಟ್ಕೊಂಡಿದೆ!" ವೆಂಡೆಲ್ ಕುರ್ಚಿಯಿಂದ ಎದ್ದೇಬಿಟ್ಟ.

ಆರೆಗನ್ ರಾಜ್ಯದ ತೆರಿಗೆ ಅಧಿಕಾರಿ ಓಡೆಟ್ ಪೆನ್ನು ಕೆಳಗಿಟ್ಟಳು. ಈತನ ಮನೆ ನದಿಯಾಚೆ ವಾಷಿಂಗ್ಟನ್ ರಾಜ್ಯದಲ್ಲಿ. ಅಲ್ಲಿ ಸಂಬಳದ ಮೇಲೆ ತೆರಿಗೆಯೇ ಇಲ್ಲ. ಕೆಲಸ, ಎರಡೂ ರಾಜ್ಯಗಳನ್ನು ಕೂಡಿಸುವ ಸೇತುವೆಗೆ ಬಣ್ಣ ಹೊಡೆಯುವುದು. ಗಡಿಯ ಈಚೆ ದುಡಿದ ದಿನಗಳಿಗಷ್ಟೇ ಆರೆಗನ್‌ಗೆ ತೆರಿಗೆ ಸಲ್ಲಬೇಕು. ಕಂಪನಿಯವರು ಕಣ್ಣುಮುಚ್ಚಿಕೊಂಡು ವರ್ಷಪೂರ್ತಿಯ ಸಂಬಳದಿಂದ ತೆರಿಗೆ ಹಿಡಿದಿದ್ದರು. ಅದು ವಾಪಸು ಬಂದರೆ ವೆಂಡೆಲ್‌ನ ದೋಣಿಗೆ ಎಂಜಿನ್ ಬರುತ್ತದೆ, ಸಾಲ್ಮನ್ ಮೀನಿನ ಕಾಲಕ್ಕೆ ಸರಿಯಾಗಿ. ಬರದಿದ್ದರೆ ಅಂಗಳದಲ್ಲಿ ಬಿದ್ದ ಆ ದೋಣಿಗೆ ಮಣ್ಣು ತುಂಬಿ ಟೊಮೆಟೊ ನೆಡುತ್ತೇನೆಂದು ಹೆಂಡತಿ ಮಾರ್ವ ಶಪಥ ಮಾಡಿದ್ದಳು.

ಗಂಟೆಯೊಳಗೆ ಇಬ್ಬರೂ ಹೆಲ್ಮೆಟ್ ಹಾಕಿ, ಸೊಂಟಕ್ಕೆ ಬೆಲ್ಟು ಬಿಗಿದು, ಸೇತುವೆಯ ಹೊಟ್ಟೆಯಡಿಯ ಕಿರುದಾರಿಯಲ್ಲಿದ್ದರು. ಕೆಳಗೆ ನದಿ ಭೋರೆನ್ನುತ್ತಿತ್ತು. ಗಡಿಯ ಫಲಕ ದಾಟಿ ವಾಷಿಂಗ್ಟನ್ ಕಡೆ ಕಾಲಿಟ್ಟಿದ್ದೇ ತಡ, ವೆಂಡೆಲ್ ಟಾರ್ಚು ಹಾಯಿಸಿದ.

"ನೋಡಿ!"

ಹಸಿರು ತೊಲೆಯ ಒಳಮೈಯಲ್ಲಿ ಬಿಳಿ ಅಚ್ಚು: ಜೂನ್ ಎರಡು, ವೆಂ. ದಿನದ ಕೆಲಸ ಮುಗಿದ ಜಾಗದಲ್ಲಿ ತಾರೀಖು ಒತ್ತುವುದು ಬಣ್ಣದವರ ರೂಢಿ. ಮುಂದೆ ಜೂನ್ ಮೂರು. ಅದರಾಚೆ ನಾಲ್ಕು. ಓಡೆಟ್‌ಗೂ ಹುರುಪು ಏರಿತು. "ಇಲ್ಲೊಂದು! ಅಯ್ಯೋ, ಅಲ್ಲೊಂದು ಬಿಟ್ರಲ್ರೀ!" ಎಂದು ಕೂಗುತ್ತಾ ಬರೆದುಕೊಂಡಳು. ಅರವತ್ತೊಂದು ದಿನ ಸಿಕ್ಕವು. ವೆಂಡೆಲ್‌ನ ಕಿವಿಯಲ್ಲಿ ಆಗಲೇ ಎಂಜಿನ್ ಗುಡುಗುತ್ತಿತ್ತು.

ವಾಪಸು ಬರುವಾಗ ಓಡೆಟ್ ಗಡಿಫಲಕದ ಬುಡದ ತೊಲೆಯತ್ತ ಬೊಟ್ಟು ಮಾಡಿದಳು. "ಲೆಕ್ಕಕ್ಕೆ ಸೇರಿಸಿರೋ ಈ ಅಚ್ಚು ಸರಿಯಾಗಿ ಗಡಿಗೆರೆ ಮೇಲಿದೆ. ಅವತ್ತು ಎಲ್ಲಿದ್ರಿ?"

ಸುಳ್ಳು ನಾಲಿಗೆ ತುದಿಯಲ್ಲೇ ಇತ್ತು. ವೆಂಡೆಲ್ ಅದನ್ನು ನುಂಗಿಕೊಂಡ.

"ಕಾಲು ವಾಷಿಂಗ್ಟನ್‌ನಲ್ಲಿತ್ತು ಮೇಡಂ. ಬ್ರಷ್ ಓಡಿದ್ದು ಆರೆಗನ್‌ನಲ್ಲಿ."

"ಸಂಬಳ ಕೊಟ್ಟಿದ್ದು ಕಾಲಿಗೋ, ಬ್ರಷ್‌ಗೋ?"

"ಬ್ರಷ್‌ಗೇ ಬಿಡಿ. ಆ ದಿನ ನಿಮ್ದೇ."

ಓಡೆಟ್ ಗಟ್ಟಿಯಾಗಿ ನಕ್ಕು, ಅದೊಂದನ್ನು ಹೊಡೆದುಹಾಕಿ, ಅರವತ್ತು ಎಂದು ಬರೆದಳು. ಸಹಿ ಹಾಕಲು ಪೆನ್ನೆತ್ತಿದವಳು ತಟ್ಟನೆ ನಿಂತಳು.

"ತಡೀರಿ, ನಾನೀಗ ಯಾವ ಕಡೆ ಇದ್ದೀನಿ?"

"ನಮ್ ಕಡೆ!"

"ಹಾಗಾದ್ರೆ ಇಲ್ಲಿ ನನ್ನ ಮಾತು ನಡೆಯಲ್ಲ" ಎಂದು ಎರಡು ಹೆಜ್ಜೆ ಮುಂದಿಟ್ಟು, ಗೆರೆ ದಾಟಿ, ಅವನ ಬೆನ್ನು ಬಾಗಿಸಿ ಅದರ ಮೇಲೆ ಕಾಗದ ಇಟ್ಟು ಸಹಿ ಹಾಕಿದಳು.